ಗುರಮ್ಮತ್ತೆ ಹೇಳಿದ ಗಿಡ್ಡಣ್ಣನ ಸುದ್ದಿ

ನನ್ನ ಸೋದರತ್ತೆ ಗುರಮ್ಮನ ಬಗ್ಗೆ ಆಳಂದದ ನಮ್ಮ ಓಣಿಯಲ್ಲಿ ಎರಡು ಮಾತು ಚಾಲ್ತಿಯಲ್ಲಿದ್ದವು. ಒಂದು, ಅವಳು ಬಡಿದ ಜೋಳದ ರೊಟ್ಟಿ ಮರುದಿನವೂ ಮೆತ್ತಗಿರುತ್ತದೆ. ಇನ್ನೊಂದು, ಅವಳ ಬಾಯಿಗೆ ಸಿಕ್ಕವನು ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಹಿಂದಿರುಗಿ ನೋಡುವುದಿಲ್ಲ. ಎರಡೂ ನಿಜವೇ. ಮೂರನೆಯ ಮಾತೊಂದಿತ್ತು, ಅದನ್ನು ಜನ ದನಿ ತಗ್ಗಿಸಿ ಆಡುತ್ತಿದ್ದರು: ಲಕ್ವಾ ಹೊಡೆದ ಮೇಲೆ ಗುರಮ್ಮ ಲಿಂಗಪೂಜೆ ಬಿಟ್ಟು, ಪಕ್ಕದ ಮನೆಯಲ್ಲಿ ವಿಡಿಯೊ ಗೇಮ್ ಆಡುತ್ತ ಕೂತಳು. ಈ ಮಾತನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ. ತೊಂಬತ್ತೈದನೇ ಇಸವಿಯಲ್ಲಿ ನಾನು ಪಿಯುಸಿ ಓದಲು ಅವಳ ಮನೆಯಲ್ಲೇ ಇದ್ದೆ. ಅರ್ಧ ನೋಡಿದವರು ಪೂರ್ತಿ ಮಾತಾಡುವುದನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಗುರಮ್ಮತ್ತೆ ಸರಸಂಬಾದ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ಆಳಂದದ ಮಲ್ಲಣ್ಣ ಮಾವನನ್ನು ಮದುವೆಯಾಗಿ ಬಂದಳು. ಮಾವನಿಗೆ ಬಜಾರಿನಲ್ಲಿ ಚಿಕ್ಕ ಕಿರಾಣಿ ಅಂಗಡಿ. ಅವರದು ಮಾತು ಕಡಿಮೆ, ಅವರ ಪಾಲಿನದನ್ನೂ ಅತ್ತೆಯೇ ಆಡಿಬಿಡುತ್ತಿದ್ದಳು. ಒಬ್ಬಳೇ ಮಗಳು, ಜೇವರ್ಗಿಗೆ ಮದುವೆಯಾಗಿ ಹೋಗಿದ್ದಳು.

ಅತ್ತೆಯ ದಿನ ಶುರುವಾಗುವುದು ಸ್ನಾನದಿಂದ. ಒದ್ದೆ ಕೂದಲಲ್ಲೇ ಮಣೆಯ ಮೇಲೆ ಕೂತು, ಕೊರಳಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ ತೆರೆದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸುತ್ತಿದ್ದಳು. ಅದಾದ ಮೇಲೆಯೇ ಬಾಯಿಗೆ ತುತ್ತು. ಜ್ವರವಿರಲಿ, ಮದುವೆಮನೆಯ ಗದ್ದಲವಿರಲಿ, ಪೂಜೆ ತಪ್ಪಿಸಿದವಳಲ್ಲ. ಮಗಳು ಹುಟ್ಟಿದ ದಿನವೂ ಹಾಸಿಗೆಯಲ್ಲೇ ಎದ್ದು ಕೂತು ಪೂಜೆ ಮಾಡಿದಳಂತೆ. ಸೂತಕ ನಮಗಿಲ್ಲ, ಹಸಿವು ಮಾತ್ರ ಅದ ಎಂದು ನಗುತ್ತಿದ್ದಳಂತೆ.

ಹಿತ್ತಲ ಗೋಡೆಯಾಚೆ ನಜಮುನ್ನಿಸಾಳ ಮನೆ. ಅವಳ ಗಂಡ ಶರಫುದ್ದೀನ ಸೌದಿಯಲ್ಲಿ ಟ್ರಕ್ ಡ್ರೈವರು. ರಜೆಗೆ ಬಂದಾಗ ಕಲರ್ ಟಿ.ವಿ. ಜೊತೆ ಒಂದು ವಿಡಿಯೊ ಗೇಮ್ ಡಬ್ಬಿ ತಂದು, ರಜೆಯೆಲ್ಲ ತಾನೇ ಆಡಿ, ಹೆಂಡತಿಗೂ ಕಲಿಸಿ ತಿರುಗಿ ಹೋಗಿದ್ದ. ಶರಫುದ್ದೀನನ ಕಿವಿ ಕೇಳದ ತಾಯಿಯೊಬ್ಬಳನ್ನು ಬಿಟ್ಟರೆ ಆ ಮನೆಯಲ್ಲಿ ನಜಮುನ್ನಿಸಾ ಒಬ್ಬಳೇ. ಮಧ್ಯಾಹ್ನದ ನಮಾಜು ಮುಗಿಸಿ, ಕರೆಂಟಿದ್ದರೆ ಆಡಲು ಕೂರುತ್ತಿದ್ದಳು. ಮರುದಿನ ಬಟ್ಟೆ ಒಣಹಾಕುವಾಗ ಗೋಡೆಯ ಮೇಲಿಂದ ಅತ್ತೆಗೆ ಎಲ್ಲದರ ವರದಿ ಒಪ್ಪಿಸುತ್ತಿದ್ದಳು.

ಅವಳಿಗೆ ಆಟಗಳ ಬಗ್ಗೆ ತನ್ನದೇ ಅಭಿಪ್ರಾಯಗಳಿದ್ದವು. ಟ್ಯಾಂಕಿನ ಆಟ ಬೇಡವೇ ಬೇಡ. “ಬರೀ ಹೊಡದಾಟ ಚಾಚಿ, ಗೆದ್ದರೂ ದಿಲ್‌ಗೆ ಏನೂ ಅನಸಂಗಿಲ್ಲ” ಎನ್ನುತ್ತಿದ್ದಳು. ಕಾರಿನ ಆಟ ಚೆನ್ನಾಗಿತ್ತು, ಆದರೆ ಅದನ್ನು ಬಹಳ ಹೊತ್ತು ಆಡಲಾರಳು. “ರಸ್ತಾ ಮುಗಿಯಂಗೇ ಇಲ್ರಿ. ಆಡಿಕೋತ ಆಡಿಕೋತ ಇವರ ನೆನಪ ಬರ್ತದ. ಬಂದ್ ಮಾಡಿಬಿಡ್ತೇನಿ.” ಅವಳಿಗೆ ಸೇರುತ್ತಿದ್ದದ್ದು ಒಂದೇ ಆಟ. ಹಸಿರು ಚಡ್ಡಿಯ ಗಿಡ್ಡ ಮನುಷ್ಯನೊಬ್ಬ ಓಡುತ್ತಾನೆ, ಕುಣಿ ಬಂದರೆ ಜಿಗಿಯುತ್ತಾನೆ, ತಪ್ಪಿದರೆ ಬೀಳುತ್ತಾನೆ. ಆಟದ ಒಂದೊಂದು ಹಂತಕ್ಕೂ ಅವಳು ಮನೆ ಎನ್ನುತ್ತಿದ್ದಳು. ಅತ್ತೆ ಅವನನ್ನು ನೋಡುವ ಮೊದಲೇ ಗಿಡ್ಡಣ್ಣ ಎಂದು ಹೆಸರಿಟ್ಟಿದ್ದಳು.

“ನಿನ್ನಿ ನೀರಿನ ಮನಿ ದಾಟೇನ್ರಿ ಚಾಚಿ. ಮುಂದ ಬೆಂಕಿ ಅದ. ಬೆಂಕಿ ಮ್ಯಾಲ ಹಲಗಿ ಅಲ್ಲಾಡತಾವ.”

“ಗಿಡ್ಡಣ್ಣ ಏನ ಮಾಡಿದ?”

“ಬಿದ್ದ.”

“ಬೀಳಲಾರದ ಏನ ಮಾಡ್ಯಾನಬೇ? ಒಲಿ ಮ್ಯಾಲ ಎಸರಿಟ್ಟು ಆಡಾಕ ಕುಂತಿ. ಅಂವಾ ಬಿದ್ದ, ನಿನ್ನ ಅನ್ನಾನೂ ಹೊತ್ತಿತು!”

ಅತ್ತೆಗೆ ಆಟ ಅರ್ಥವಾಗುತ್ತಿರಲಿಲ್ಲ, ಆ ಹೆಣ್ಣುಮಗಳ ಒಂಟಿತನ ಅರ್ಥವಾಗುತ್ತಿತ್ತು. ಅದಕ್ಕೇ ದಿನವೂ ಗಿಡ್ಡಣ್ಣನನ್ನು ಊರಿಗೆ ಹೋದ ತಮ್ಮನಂತೆ ವಿಚಾರಿಸುತ್ತಿದ್ದಳು.

ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ, ರೊಟ್ಟಿ ಬಡಿಯುತ್ತ ಕೂತಿದ್ದ ಅತ್ತೆ ಹಾಗೇ ಎಡಕ್ಕೆ ವಾಲಿದಳು. ಗುಲಬರ್ಗಾದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಮಾತು ತಿರುಗಿ ಬಂತು. ಎಡಗಾಲನ್ನು ಎಳೆದುಕೊಂಡು ನಡೆಯುವಷ್ಟಾದಳು. ಎಡಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ಡಾಕ್ಟರು ರಬ್ಬರಿನ ಚೆಂಡು ಕೊಟ್ಟು ಹಿಸುಕುತ್ತಿರಿ ಎಂದಿದ್ದರು. ಅತ್ತೆ ಅದನ್ನು ಗೂಟದ ಚೀಲದಲ್ಲಿ ಹಾಕಿಸಿಬಿಟ್ಟಳು.

ಮನೆಗೆ ಬಂದ ಮೊದಲ ಸೋಮವಾರ ಸ್ನಾನ ಮಾಡಿಸಿ ಮಣೆಯ ಮೇಲೆ ಕೂರಿಸಿದೆವು. ಬಲಗೈಯಿಂದಲೇ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ಇಟ್ಟುಕೊಂಡಳು. ತಂಬಿಗೆಗೆ ಕೈ ಹಾಕಿದ್ದಷ್ಟೇ, ಅಂಗೈ ಮಗುಚಿತು. ಲಿಂಗ ನೆಲಕ್ಕೆ ಬಿದ್ದು, ಉರುಳಿ, ಬಚ್ಚಲ ಕಲ್ಲಿಗೆ ತಾಗಿ ನಿಂತಿತು.

ಮನೆ ನೋಡಿಕೊಳ್ಳಲು ಅಫಜಲಪುರದಿಂದ ಮಾವನ ಅಕ್ಕ ಕಸ್ತೂರಿಬಾಯಿ ಬಂದಿದ್ದಳು. ಕೆಟ್ಟವಳಲ್ಲ. ಹಗಲೆಲ್ಲ ಅತ್ತೆಯ ಸೇವೆ ಮಾಡುತ್ತಿದ್ದಳು. ಆದರೆ ಬಾಯಿಗೆ ಬಂದದ್ದನ್ನು ನುಂಗಿ ಗೊತ್ತಿಲ್ಲದವಳು. “ಅಯ್ಯೋ ಶಿವನ! ಕೈಯಾಂದ ಲಿಂಗ ನೆಲಕ್ಕ ಬಿತ್ತಲ್ಲಬೇ! ಹಿಂದಿನವರು ಹಿಂಗಾದರ ಜೀವಾನೇ ಬಿಡತಿದ್ದರು!” ಎಂದು ಕೂಗಿದಳು.

ನಾನು ಎತ್ತಿಕೊಟ್ಟೆ. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ಮುಚ್ಚಿದಳು. ಆಮೇಲೆ ತೆರೆಯಲಿಲ್ಲ.

ಮಾವ ಹತ್ತಿರ ಹೋಗಿ, ನಿನ್ನ ಅಂಗೈ ಕೆಳಗ ನನ್ನ ಕೈ ಹಿಡೀತೇನಿ, ಪೂಜಿ ಮಾಡು ಎಂದರು. “ಲಿಂಗ ನನ್ನದು, ಹಿಡಿಯೋ ಕೈ ನಿಮ್ಮದು. ಪೂಜಿ ಯಾರದಾತು?” ಎಂದಳು ಅತ್ತೆ. ಮಠದ ಅಯ್ಯನವರನ್ನು ಕರೆಸಿದೆವು. ಅವರು ಬಂದು, ಇದರಲ್ಲಿ ಯಾವ ದೋಷವೂ ಇಲ್ಲ ತಾಯಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬಗೆಬಗೆಯಾಗಿ ಹೇಳಿದರು. ಅತ್ತೆ ತಲೆಯಾಡಿಸಿದಳು, ಅವರ ಪಾದಕ್ಕೆ ನಮಸ್ಕರಿಸಿದಳು. ಅವರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ದೋಷದ ಭಯವಲ್ಲ ಅದು. ಮತ್ತೆ ಬೀಳುತ್ತದೆ ಎಂಬ ಭಯ. ಸತ್ತ ಕೈಯಾಗ ಲಿಂಗ ಇಡಬಾರದು ಎಂದು ನನಗೊಬ್ಬಳಿಗೇ ಹೇಳಿದ್ದಳು.

ಪೂಜೆಯಿಲ್ಲದೆ ಊಟವಿಲ್ಲ. ಗುಳಿಗೆ ನುಂಗಲು ಬೇಕೆಂಬ ನೆವದಿಂದ ಒಂದಿಷ್ಟು ಅಂಬಲಿ ಕುಡಿಯುತ್ತಿದ್ದಳು. ಅದು ಔಷಧದ ಲೆಕ್ಕವಂತೆ, ಊಟದ ಲೆಕ್ಕವಲ್ಲವಂತೆ. ಸಂಕ್ರಾಂತಿಯ ಹೊತ್ತಿಗೆ ಅವಳ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಜೇವರ್ಗಿಯಿಂದ ಮಗಳು ಬಂದು ಅತ್ತು ಹೋದಳು. ನನ್ನತ್ತೆ ಕಣ್ಣೆದುರೇ ಸಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಮ್ಮೆಲ್ಲರಿಗೂ ಗೊತ್ತಿತ್ತು.

ಗೋಡೆಯಾಚೆಯ ವರದಿ ಮಾತ್ರ ನಿಂತಿರಲಿಲ್ಲ. ನಜಮುನ್ನಿಸಾ ಈಗ ಹಾಸಿಗೆಯ ಪಕ್ಕಕ್ಕೇ ಬಂದು ಕೂತು ಗಿಡ್ಡಣ್ಣನ ಸುದ್ದಿ ಹೇಳುತ್ತಿದ್ದಳು. ಒಂದು ಮಧ್ಯಾಹ್ನ, “ಚಾಚಿ, ಬೆಂಕಿ ಮನಿ ನನ್ನೊಬ್ಬಾಕಿ ಕಡಿಂದ ಆಗವಲ್ದು. ನೀವು ಬರ್ರಿ” ಎಂದು ತೋಳು ಹಿಡಿದು ಎಬ್ಬಿಸಿದಳು. ಅತ್ತೆ ಬೈಯಲೂ ತ್ರಾಣವಿಲ್ಲದೆ ಎದ್ದು ಹೋದಳು, ನಾನೂ ಜೊತೆಗೆ ಹೋದೆ.

ಆ ಆಟದ ಹಿಡಿಕೆಗೆ ಎರಡು ಕೈ ಬೇಕು. ಎಡ ಹೆಬ್ಬೆರಳು ದಿಕ್ಕಿನ ಗುಂಡಿಯ ಮೇಲೆ, ಬಲ ಹೆಬ್ಬೆರಳು ಜಿಗಿಯುವ ಗುಂಡಿಯ ಮೇಲೆ. ಮೊದಮೊದಲು ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಒಂದೇ ಹಿಡಿಕೆ ಹಿಡಿದರು. ಓಡಿಸುವುದು ನಜಮುನ್ನಿಸಾ, ಜಿಗಿಸುವುದು ಅತ್ತೆ. ಇಬ್ಬರ ಹೊಂದಾಣಿಕೆಯಿಲ್ಲದೆ ಗಿಡ್ಡಣ್ಣ ಮೊದಲ ಕುಣಿಯಲ್ಲೇ ಬೀಳುತ್ತಿದ್ದ. ಅತ್ತೆಗೆ ಸಿಟ್ಟು ಬಂತು. “ನೀ ತಡಾ ಮಾಡ್ತಿ ಬೇ, ನಾನೇ ಓಡಸ್ತೇನಿ, ಕೊಡು” ಎಂದು ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿಕೆಯ ಮೇಲಿಟ್ಟುಕೊಂಡಳು. ಬಹಳ ದಿನಗಳ ಮೇಲೆ ಅವಳ ಸಿಟ್ಟು ಕಂಡು ನನಗೆ ಅಳು ಬಂತು.

ಹೆಬ್ಬೆರಳು ಕದಲಲು ಎಷ್ಟೋ ದಿನ ಹಿಡಿಯಿತು. ಒತ್ತಿದರೆ ಬಿಡಲು ಬರುತ್ತಿರಲಿಲ್ಲ, ಗಿಡ್ಡಣ್ಣ ನೆಟ್ಟಗೆ ಓಡಿ ಹೋಗಿ ಬೀಳುತ್ತಿದ್ದ. ಆದರೆ ಈಗ ಸಂಜೆ ಅಂಗಡಿಯಿಂದ ಬಂದ ಮಾವನಿಗೆ ಹೇಳಲು ಅವಳ ಬಳಿ ಸುದ್ದಿಯಿತ್ತು. ಮೂಲೆಯ ಕುಣಿ ಯಾಕೆ ಕಷ್ಟ, ಹಕ್ಕಿ ಬಂದಾಗ ಯಾಕೆ ನಿಲ್ಲಬೇಕು, ಎಲ್ಲ ಹೇಳುತ್ತಿದ್ದಳು. ಮಾವ ಲಾಟೀನಿನ ಬತ್ತಿ ಸರಿಮಾಡುತ್ತ, “ಮುಂದ?” ಎನ್ನುತ್ತಿದ್ದರು.

ಓಣಿಯವರು ಮಾತಾಡತೊಡಗಿದರು. ಪೂಜೆಗೆ ಬಾರದ ಕೈ ಆಟಕ್ಕೆ ಬರುತ್ತದಲ್ಲ ಎಂದರು. ನಾನು ಆ ಮಾತನ್ನೇ ಉಪಯೋಗಿಸಿ, ಹಾಗಾದರೆ ಲಿಂಗವನ್ನೂ ಹಿಡಿದು ನೋಡತ್ತೆ ಎಂದೆ. ಅತ್ತೆ ಕಣ್ಣು ಕೆಂಪಗೆ ಮಾಡಿದಳು. “ಗಿಡ್ಡಣ್ಣ ಬೀಳೋದು ಬ್ಯಾರೆ, ಲಿಂಗ ಬೀಳೋದು ಬ್ಯಾರೆ. ಓದಿದಾಕಿ ಅದೀ, ಅಷ್ಟೂ ತಿಳಿಯಂಗಿಲ್ಲೇನು?” ಎಂದಳು. ಊಟದ ಮಾತು ಎತ್ತಲು ಆಮೇಲೆ ನನಗೆ ಧೈರ್ಯವಾಗಲಿಲ್ಲ.

ಶಿವರಾತ್ರಿಯ ಹಿಂದಿನ ವಾರ ಇಬ್ಬರೂ ಕೊನೆಗೂ ಬೆಂಕಿಯ ಮನೆ ಮುಟ್ಟಿದರು. ಹಿಡಿಕೆ ಪೂರ್ತಿ ಅತ್ತೆಯ ಕೈಯಲ್ಲಿತ್ತು. ಗಿಡ್ಡಣ್ಣ ಒಂದು ಹಲಗೆ ದಾಟಿದ, ಇನ್ನೊಂದು ದಾಟಿದ. ಅಷ್ಟರಲ್ಲಿ ಕರೆಂಟು ಹೋಯಿತು. ಟಿ.ವಿ. ಕಪ್ಪಾಯಿತು. ನಜಮುನ್ನಿಸಾ ಕರೆಂಟಿನವರಿಗೆ ಶಾಪ ಹಾಕುತ್ತ ಹಿಡಿಕೆ ತೆಗೆದಿಡಲು ಹೋದಳು. ಅದು ಬರಲಿಲ್ಲ.

“ಬಿಡ್ರಿ ಚಾಚಿ.”

“ನಾ ಎಲ್ಲಿ ಹಿಡದೇನಿ?”

“ಹಿಡದೀರಿ. ನೋಡ್ರಿ ಇಲ್ಲಿ.”

ಅತ್ತೆ ನೋಡಿದಳು. ಬಲಗೈ ಯಾವಾಗಲೋ ಬಿಟ್ಟಿತ್ತು. ಎಡಗೈಯ ಐದೂ ಬೆರಳು ಹಿಡಿಕೆಯನ್ನು ಬಿಗಿದುಕೊಂಡಿದ್ದವು. ನಜಮುನ್ನಿಸಾ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಮನೆಗೆ ಬರುವಾಗ ಅತ್ತೆ ಎಡಗೈಯನ್ನೇ ನೋಡುತ್ತ ನಡೆದಳು.

ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಶಿವಾನುಭವ ನಡೆಯುತ್ತಿತ್ತು. ಭಾಷಣವಿಲ್ಲ. ಕೂತವರು ಆ ವಾರ ತಾವು ಕಂಡದ್ದು, ಮನಸ್ಸಿಗೆ ನಾಟಿದ್ದು ಹೇಳುವುದು, ಕೊನೆಗೆ ವಚನ ಹಾಡುವುದು. ಆ ಸೋಮವಾರ ನಮ್ಮ ಮನೆಯ ಸರದಿ. ಹಿರಿಯರಾದ ಚಂದ್ರಾಮಪ್ಪನವರು ನಡುವೆ ಕೂತಿದ್ದರು. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದ ಅತ್ತೆ ನೀರಿನ ತಂಬಿಗೆ, ವಿಭೂತಿ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಒರಗಿದ್ದಳು. ನಜಮುನ್ನಿಸಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲರದೂ ಆದ ಮೇಲೆ ಚಂದ್ರಾಮಪ್ಪನವರು ಉಪಚಾರಕ್ಕೆಂದು, “ಗುರಮ್ಮಾ, ನೀವೇನರೆ ಹೇಳ್ತೀರೇನ್ರಿ?” ಎಂದರು.

“ಹೇಳ್ತೇನ್ರಿ. ಆಟದ ಸುದ್ದಿ ಹೇಳ್ತೇನಿ. ನೀವು ನಕ್ಕರೂ ಹೇಳ್ತೇನಿ.”

ಕೆಲವರು ನಕ್ಕರು. ಅತ್ತೆ ನಿಲ್ಲಿಸಲಿಲ್ಲ.

“ಒಬ್ಬ ಗಿಡ್ಡ ಮನುಷ್ಯಾ ಓಡತಾನ್ರಿ. ಕುಣಿಯಾಗ ಬೀಳತಾನ. ಬಿದ್ದಾಗ ಒಂದು ಸಪ್ಪಳ ಆಗತದ, ಅಷ್ಟ. ಯಾರೂ ಅಯ್ಯೋ ಅನ್ನಂಗಿಲ್ಲ. ಮತ್ತ ಎದ್ದು ನಿಂತಿರತಾನ. ಅವನ ಮಾರಿ ಮ್ಯಾಲ ನಾಚಿಕಿ ಇರಂಗಿಲ್ಲ. ಎಲ್ಲಿ ಬಿದ್ದಿದ್ದನೋ ಅಲ್ಲಿಗೇ ಓಡತಾನ. ಈ ಒಂದು ತಿಂಗಳಾಗ ಅವನ್ನ ನಾ ಎಷ್ಟು ಸಲ ಬೀಳಿಸೇನೋ ಆ ಶಿವನಿಗೇ ಗೊತ್ತು. ನನಗ ಆ ಆಟದಾಗ ಮನಸ್ಸಿಗೆ ಬಂದದ್ದು ಅದೊಂದೇ. ದಾಟೋದಲ್ಲ.”

ಈಗ ಯಾರೂ ನಗುತ್ತಿರಲಿಲ್ಲ. ಚಂದ್ರಾಮಪ್ಪನವರು ಮೆಲ್ಲಗೆ, “ಅದು ಆಟ ಅಲ್ಲೇನ್ರಿ, ತಾಯಿ?” ಎಂದರು.

“ಹೌದ್ರಿ, ಆಟ. ಅಲ್ಲಿ ಬಿದ್ದರ ನನಗೇನೂ ಆಗಂಗಿಲ್ಲ. ಈ ಲಿಂಗ ಬಿದ್ದರ ಜೀವ ಹೋದಂಗ ಆಗತದ. ಅದಕ್ಕ ಅಂಜಿ ಇದನ್ನ ಮುಟ್ಟಲಾರದ ಕುಂತೇನಿ. ಮುಟ್ಟಲಾರದ ಕುಂತರೂ ಜೀವ ಹೊಂಟದಲ್ರಿ ಚಂದ್ರಾಮಪ್ಪ. ಯಾವುದರಾಗ ಜೀವ ಬಿಡಬೇಕು ನಾ?”

ಅತ್ತೆ ಕಾಲು ಮಡಚಿ ನೆಟ್ಟಗೆ ಕೂತಳು. ಬಲಗೈಯಿಂದ ಎಡಗೈಯನ್ನು ಎತ್ತಿ ಎದೆಯ ಮುಂದಿಟ್ಟುಕೊಂಡು ಕರಡಿಗೆ ತೆರೆದಳು. ಲಿಂಗವನ್ನು ಅಂಗೈಗಿಟ್ಟು ಬೆರಳು ಮಡಚಲು ನೋಡಿದಳು. ಬೆರಳು ಅರ್ಧ ಮಡಚಿದವು, ಅಂಗೈ ವಾಲಿತು, ಲಿಂಗ ಜಾರಿ ಚಾಪೆಯ ಮೇಲೆ ಬಿತ್ತು.

ಕಸ್ತೂರಿಬಾಯಿ ಬಾಯಿ ತೆರೆದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಎದ್ದು ನಿಂತರು. ಅತ್ತೆ ಅವರನ್ನು ಕಣ್ಣಲ್ಲೇ ಕೂರಿಸಿ, ತಾನೇ ಬಾಗಿ ಲಿಂಗವನ್ನು ಎತ್ತಿ ಮತ್ತೆ ಇಟ್ಟುಕೊಂಡಳು. ಮತ್ತೆ ಜಾರಿತು, ಈ ಸಲ ಮಡಿಲಿಗೆ. ಮತ್ತೆ ಎತ್ತಿದಳು. ಅವಳ ಹಣೆಯ ಬೆವರಿಗೆ ವಿಭೂತಿ ಇಳಿಯುತ್ತಿತ್ತು. ಮುಖದಲ್ಲಿ ನಾಚಿಕೆಯಿರಲಿಲ್ಲ. ಎಷ್ಟು ಸಲ ಬಿತ್ತೋ ನಾನು ಎಣಿಸಲಿಲ್ಲ, ಕಣ್ಣು ಮಂಜಾಗಿದ್ದವು. ಕೊನೆಗೊಮ್ಮೆ ಬೆರಳು ಮಡಚಿದವು, ಲಿಂಗ ಅಂಗೈಯಲ್ಲಿ ನಿಂತಿತು. ಅಲುಗುತ್ತಲೇ ನಿಂತಿತು. ಅತ್ತೆ ತಂಬಿಗೆಯಿಂದ ಬೊಗಸೆಯಷ್ಟೂ ಇಲ್ಲದ ನೀರು ಬಿಟ್ಟಳು, ವಿಭೂತಿ ಇಟ್ಟಳು, ಕಣ್ಣು ಮುಚ್ಚಿದಳು.

ಬಹಳ ಹೊತ್ತಿನ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ಗಂಡನ ಕಡೆ ನೋಡಿದಳು.

“ಹಸಿವ್ಯಾಗ್ಯದ” ಎಂದಳು. “ಒಂದು ರೊಟ್ಟಿ ತರ್ರಿ.”