ಮಸ್ಕಿಯ ಆರು ಮಂದಿಗೆ ಮೂರು ಪ್ರಶ್ನೆ

ನಿಜಾಮರ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆದ ಮರುವರ್ಷ ನಾನು ಲಿಂಗಸುಗೂರು ತಹಶೀಲ ಕಚೇರಿಯಲ್ಲಿ ಗುಮಾಸ್ತ. ಶ್ರಾವಣದಲ್ಲಿ ಮಸ್ಕಿಯಿಂದ ಒಂದು ಅರ್ಜಿ ಬಂತು. ತನ್ನ ಅಣ್ಣನಿಗೆ ಹುಚ್ಚು ಹಿಡಿದಿದೆ, ಹೈದರಾಬಾದಿನ ಹುಚ್ಚಾಸ್ಪತ್ರೆಗೆ ಸಾಗಿಸಬೇಕು ಎಂದು ಒಬ್ಬ ತಮ್ಮ ಬರೆಸಿದ್ದ. ಅಣ್ಣ ಬೆಳಗಾದರೆ ಮನೆಯ ಕಟ್ಟೆಯ ಮೇಲೆ ನಿಂತು, ಬೀದಿಯಲ್ಲಿ ಹೋಗುವ ಸಕಲರಿಗೂ, ಎಮ್ಮೆಗಳು ಸಹಿತ, ಬಾಗಿ ಸಲಾಮು ಮಾಡುತ್ತಿದ್ದನಂತೆ. ತಮ್ಮನ ಮಗಳನ್ನು ನೋಡಲು ತುರ್ವಿಹಾಳದವರು ಬಂದಾಗ ಮೊದಲ ಸಲಾಮು ಅವರ ಎತ್ತುಗಳಿಗೆ ಸಂದಿತು. ಅವರು ಚಹಾ ಸಹ ಕುಡಿಯದೆ ಬಂಡಿ ತಿರುಗಿಸಿದರು.

ಪಂಚನಾಮೆಗೆ ನನ್ನನ್ನು ಕಳಿಸಿದರು. ಹೊರಡುವಾಗ ದವಾಖಾನೆಯ ಡಾಕ್ಟರರು ಮೂರು ಪ್ರಶ್ನೆ ಬರೆದುಕೊಟ್ಟರು: ಇವತ್ತು ಯಾವ ದಿನ, ಇದು ಯಾವ ಊರು, ರಾಜ್ಯ ಯಾರದು. ಇವನ್ನೇ ಬುದ್ಧಿ ನೆಟ್ಟಗಿರುವ ಐದು ಮಂದಿ ಶಾಣ್ಯಾರಿಗೂ ಕೇಳಬೇಕೆಂದು ತಾಕೀತು ಮಾಡಿದರು.

"ಶಾಣ್ಯಾತನ ಎಷ್ಟೈತಿ ಅಂತ ಅಳೀದ, ಹುಚ್ಚು ಹೆಂಗ ಅಳೀತೀರಿ?" ಎಂದರು ಡಾಕ್ಟರರು.

ಐವರು ಪಂಚರು ಚಾವಡಿಯಲ್ಲಿ ಸಿದ್ಧರಿದ್ದರು. ಅರ್ಜಿದಾರನೂ ಅವರಲ್ಲೊಬ್ಬ. ಅದು ನ್ಯಾಯವಲ್ಲವೆಂದು ನನಗೂ ಗೊತ್ತಿತ್ತು, ಆದರೆ ಕರೆಸಿದ್ದ ಐದನೆಯವನು ಹೊಲಕ್ಕೆ ಹೋಗಿದ್ದ, ಅವನ ಬದಲಿಗೆ ಇವನು. ನಾನು ಬಾಯಿ ತೆರೆಯುವ ಮೊದಲೇ ಪದ್ಧತಿಯಂತೆ ಐವರೂ ಖಾಲಿ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದರು. ಮೇಲೆ ಏನು ಬರೆದುಕೊಳ್ಳುವುದೆಂಬುದು ಸರಕಾರಕ್ಕೆ ಬಿಟ್ಟದ್ದು. ಮೊದಲನೆಯವನಿಗೆ ಪ್ರಶ್ನೆ ಹಾಕಿದರೆ ಉಳಿದ ನಾಲ್ವರು, ಅವನು ಹೇಳಿದ್ದೇ ನಮ್ಮದೂ ಎಂದರು. ಅವನಿನ್ನೂ ಏನೂ ಹೇಳಿರಲಿಲ್ಲ.

ಬೇರೆ ಕಾಗದ ತೆಗೆದು ಒಬ್ಬೊಬ್ಬರನ್ನೇ ಒಳಗೆ ಕರೆದೆ. ಒಬ್ಬ ಶ್ರಾವಣ ಎಂದ, ಒಬ್ಬ ಹಿಜರಿಯ ಶವ್ವಾಲ್, ಕಚೇರಿ ಕಂಡವನು ನಿಜಾಮರ ಕಂದಾಯ ಪಂಚಾಂಗವಾದ ಫಸಲಿಯ ಮೆಹರ್ ತಿಂಗಳು, ಅಂಗಡಿಕಾರ ಆಗಸ್ಟ್. ಅರ್ಜಿದಾರ ಮಂಗಳವಾರ ಎಂದ. ಅಂದು ಗುರುವಾರ. ಊರಿನ ಹೆಸರು ಎಲ್ಲರಿಗೂ ಗೊತ್ತಿತ್ತು, ಊರು ಈಗ ಯಾವ ದೇಶದಲ್ಲಿದೆ ಎಂದು ಇಬ್ಬರು ನನ್ನನ್ನೇ ಕೇಳಿದರು. ರಾಜ್ಯ ನಿಜಾಮರದು, ಮಿಲಿಟರಿಯವರದು, ದಿಲ್ಲಿಯವರದು, ಶಿವನದು. ಅರ್ಜಿದಾರನ ಪ್ರಕಾರ ಊರ ಗೌಡರದು.

ಆಮೇಲೆ ಅಣ್ಣನ ಮನೆಗೆ ಹೋದೆ. ಸಲಾಮು ಸ್ವೀಕರಿಸಿದೆ. ಅವನ ಹೆಂಡತಿ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ವಾರದೊಳಗೆ ಗಂಡನನ್ನು ಬಸ್ಸು ಹತ್ತಿಸುತ್ತಾರೆಂದು ಮೈದುನ ಹೇಳಿದ್ದನಂತೆ. ಅಣ್ಣ ಗುರುವಾರ ಎಂದ, ಮಸ್ಕಿ ಎಂದ. ರಾಜ್ಯ ಯಾರದು ಎಂದೆ.

"ಇದನ್ನ ಕೇಳಾಕ ನಿಮ್ಮನ್ನ ಯಾರು ಕಳಿಸ್ಯಾರೋ, ಅವರದರೀ."

ಸಲಾಮು ಯಾಕೆಂದು ಕೇಳಿದೆ.

"ಎರಡು ವರ್ಸದಾಗ ಎಷ್ಟು ಮಂದಿ ಸಾಹೇಬರು ಬದಲಾದರು ನೋಡ್ರಿ. ಯಾರು ಯಾವಾಗ ದೊಡ್ಡವರಾಗತಾರೋ, ಹೇಳಾಕ ಬರಂಗಿಲ್ಲ."

"ಎಮ್ಮಿಗೆ?"

"ಎಮ್ಮಿ ಯಾರದಂತ ನಿಮಗ ಗೊತ್ತೇನ್ರೀ?"

ಗೊತ್ತಿರಲಿಲ್ಲ. ಹಾಗೆಯೇ ಬರೆದುಕೊಂಡೆ.

ಡಾಕ್ಟರರು ಆರೂ ಉತ್ತರಗಳನ್ನು ಎರಡು ಸಲ ಓದಿದರು. ಕಳಿಸುವುದಾದರೆ ಮೊದಲು ಪಂಚರನ್ನು ಕಳಿಸಬೇಕಾಗುತ್ತದೆ, ಅಷ್ಟು ಮಂಚ ಅಲ್ಲಿ ಇರಲಾರವು ಎಂದರು. ಕಡೆಗೆ "ಉಳಿದವರಿಗಿಂತ ಬೇರೆಯಲ್ಲ" ಎಂದು ಷರಾ ಬರೆದರು. ತಹಶೀಲದಾರರು ಅರ್ಜಿ ವಜಾ ಮಾಡಿದರು.

ಸೋಮವಾರ ಹುಕುಂ ಹಿಡಿದು ಮತ್ತೆ ಮಸ್ಕಿಗೆ ಹೋದೆ. ಅರ್ಜಿದಾರ ಅಣ್ಣನ ಕಟ್ಟೆಯ ಬಳಿಯೇ ಇದ್ದ. ಅರ್ಜಿ ವಜಾ ಆಯಿತೆಂದೊಡನೆ, ಹಾಗಾದರೆ ತಾನು ಹುಚ್ಚನೇ ಎಂದು ಜಗಳಕ್ಕೆ ನಿಂತ. ಆ ಬಗ್ಗೆ ಪ್ರತ್ಯೇಕ ಅರ್ಜಿ ಬೇಕಾಗುತ್ತದೆ ಎಂದೆ. ಅವನು ಹೋದ ಮೇಲೆ ಹುಕುಮನ್ನು ಗಂಭೀರವಾಗಿ ಓದತೊಡಗಿದೆ. ಅಣ್ಣನ ಹೆಂಡತಿ ಮೊದಲ ಸಾಲಿಗೇ ತಡೆದಳು.

"ಅದೆಲ್ಲ ತಿಳ್ಯಂಗಿಲ್ಲರೀ ಸಾಹೇಬರ. ಇವರನ್ನ ಒಯ್ಯೂದು ಹೌದೋ ಅಲ್ಲೋ, ಅಷ್ಟ ಹೇಳ್ರಿ."

ಅಲ್ಲ ಎಂದೆ. ಅವಳು ಗಂಡನ ಕಡೆ ತಿರುಗಿದಳು.

"ಒಳಗ ಬರ್ರಿ. ರೊಟ್ಟಿ ಆರಾಕತ್ತಾವ."