ಕೇಳದೆ ಕೇಳಿದ ಸಹಾಯ

"ಇವತ್ತು ಸಬ್ಬತ್, ನಿನಗೆ ನಾನು ಏನೂ ಹೇಳೋ ಹಾಗಿಲ್ಲ ಡಿಯರ್. ಆದ್ರೆ ಗೋಡೆ ತುಂಬಾ ಗಲೀಜಾಗಿದೆ, ಅಲ್ವಾ?" ಎಂದರು ಪಕ್ಕದ ಮನೆಯ ಮಿರಿಯಂ.

ತೊಂಬತ್ತರ ದಶಕದ ಆ ಶನಿವಾರ, ವಿಲಾಯತಿನ ಕೊಲಿಂಡೇಲ್‌ನ ನಮ್ಮ ಬೀದಿಯ ಯಹೂದಿ ಪ್ರಾರ್ಥನಾ ಮಂದಿರದ ಗೋಡೆಗೆ ಯಾರೋ ಯಹೂದಿಯರನ್ನು ಬೈದು ಬರೆದಿದ್ದರು. ಪೇಂಟ್ ಇನ್ನೂ ಹಸಿಯಾಗಿತ್ತು. ಅರ್ಧ ಗಂಟೆಯಲ್ಲಿ ಪ್ರಾರ್ಥನೆಗೆ ಮಕ್ಕಳು ಬಂದು ಅದನ್ನು ಓದುತ್ತಾರೆ; ವಾರದ ಪವಿತ್ರ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಮಿರಿಯಂನಂಥ ಯಹೂದಿಯರು ಕೆಲಸ ಮಾಡುವಂತಿಲ್ಲ, ಬೇರೆಯವರಿಗೆ ಹೇಳಿ ಮಾಡಿಸುವಂತೆಯೂ ಇಲ್ಲ. ಅತ್ತೆಯ ಮಡಿ ಕಂಡಿದ್ದ ನನಗೆ ಹಿಂಟ್ ಸಾಕಾಯಿತು. ಬಕೆಟ್, ಬ್ರಷ್ ತಂದೆ. ಎದುರು ಮನೆಯ ನಸ್ರೀನ್ ಬ್ಲೀಚ್ ಹಿಡಿದು ಓಡಿಬಂದಳು.

"ಆಂಟಿ, ನಿಮ್ಮ ಮಂಡಿ! ಬಗ್ಗಬೇಡಿ, ಕೆಳಗಿಂದು ನನಗೆ ಬಿಡಿ!" ಎಂದು ನನ್ನನ್ನು ತಡೆದಳು.

ಮಕ್ಕಳು ಹರಟುತ್ತಾ, ಬರಹ ಅಳಿಸಿದ ಒದ್ದೆ ಗೋಡೆಯತ್ತ ನೋಡದೆಯೇ ಒಳಗೆ ಹೋದರು. ನಾವು ಮೂವರೂ ಕಾನ್ವೆಂಟ್ ಹುಡುಗಿಯರಂತೆ ಕಿಸಿಕಿಸಿ ನಕ್ಕೆವು. ಅಷ್ಟು ಹಗುರಾಗಿ ಮತ್ತೆಂದೂ ನಕ್ಕ ನೆನಪಿಲ್ಲ.