ಎಳೆಯದೆ ಕೂರಿಸಿದ ಬಟ್ಟೆ

ಅಮೃತಹಳ್ಳಿಯಲ್ಲಿ ನಮ್ಮ ಎದುರುಮನೆಯಾಕೆಯೂ ನನ್ನ ಹಾಗೆ ಬ್ಲೌಸ್‌ಗಳಿಗೆ ಮಷೀನ್ ಎಂಬ್ರಾಯ್ಡರಿ ಹಾಕುತ್ತಿದ್ದರು. ಮಷೀನು ಒಂದೇ ತರಹದ್ದು, ದಾರ ತರುವ ಅಂಗಡಿಯೂ ಒಂದೇ. ಆದರೆ ಬಟ್ಟೆ ಹಿಡಿದಿಡುವ ಜೋಡಿ ರಿಂಗ್ ಬಿಚ್ಚಿದ ಕೂಡಲೇ ನನ್ನ ಹೂವುಗಳ ಸುತ್ತ ಸುಕ್ಕು ಏಳುತ್ತಿತ್ತು. ಅವರವು ಇಸ್ತ್ರಿ ಮಾಡಿದ ಹಾಗೆ ಮಟ್ಟಸವಾಗಿರುತ್ತಿದ್ದವು. ನನಗೆ ಹೊಟ್ಟೆ ಉರಿಯುತ್ತಿತ್ತು.

ರೇಷ್ಮೆ ಜಾರದಿರಲೆಂದು ಅವರು ಒಳಗಿನ ರಿಂಗಿಗೆ ಹಳೆಯ ಪಂಚೆಯ ಪಟ್ಟಿ ಸುತ್ತುತ್ತಿದ್ದರು. ಬಟ್ಟೆಯಡಿ ಕಾಗದವಿಟ್ಟು, ರಿಂಗ್ ಒತ್ತಿ, ಉಗುರಿನಿಂದ ತಟ್ಟಿ ಸದ್ದಿನಲ್ಲೇ ಬಿಗಿ ನೋಡುತ್ತಿದ್ದರು. ಬಿಗಿಯಾಗಲೆಂದು ನಾನು ಅಂಚು ಹಿಡಿದು ಜಗ್ಗುವುದನ್ನು ಕಂಡರೆ ಸಾಕು, "ಎಳೀಬೇಡಿ ಅಕ್ಕಾ, ಕೂರ್ಸಿ. ಎಳೆದ್ರೆ ಬಟ್ಟೆ ಆಮೇಲೆ ಸೇಡು ತೀರ್ಸ್ಕೊಳ್ಳತ್ತೆ" ಎಂದು ನಗುತ್ತಿದ್ದರು. ಆ ನಗು ಇನ್ನಷ್ಟು ಉರಿಸುತ್ತಿತ್ತು.

ನನ್ನ ಮಗಳು ತನ್ನ ನಿಶ್ಚಿತಾರ್ಥದ ಬ್ಲೌಸನ್ನು ಅವರಿಗೇ ಕೊಟ್ಟಳು. "ನಿಂಗೆ ಕೆಲಸ ಜಾಸ್ತಿ ಇದೆಯಲ್ಲಮ್ಮಾ" ಅಂದಳು. ಆ ವಾರ ನನ್ನ ಮಷೀನಿನ ಮೇಲೆ ಒಂದು ತುಂಡು ಬಟ್ಟೆಯೂ ಇರಲಿಲ್ಲ.

ಅವರು ಬ್ಲೌಸ್ ತಂದುಕೊಟ್ಟಾಗ ತಿರುಗಿಸಿ ಒಳಭಾಗ ನೋಡಿದೆ, ಬೆಳಕಿಗೆ ಹಿಡಿದೆ, ತೋಳನ್ನು ಜಗ್ಗಿಯೂ ನೋಡಿದೆ. ಒಂದೂ ಸುಕ್ಕಿಲ್ಲ.

"ಹೆಂಗಿದೆ ಅಕ್ಕಾ?"

"ಚೆನ್ನಾಗೇ ಇದೆ. ಈ ಹಸಿರು ಮಾತ್ರ ಸ್ವಲ್ಪ ಕಣ್ಣಿಗೆ ಹೊಡೀತಿದೆ" ಅಂದೆ.

ಮಗಳು ನನ್ನನ್ನೇ ನೋಡಿದಳು.

"ಅಮ್ಮಾ, ಆ ದಾರ ನಾನೇ ತೆಗೆದ್ಕೊಟ್ಟಿದ್ದು, ನಿನ್ನ ಡಬ್ಬೀದೇ."